ಏಳನೇ ಯಂತ್ರದ ಚಾಲನಾ ಸಾಲು

ಸತ್ತ ಯಂತ್ರಗಳನ್ನು ಹೂಳುವುದಕ್ಕೆ ಸರ್ಕಾರಕ್ಕೆ ಮನಸ್ಸಿರಲಿಲ್ಲ. ಬದುಕಿಸುವುದಕ್ಕೆ ಬಲ್ಲವರು ಉಳಿದಿರಲಿಲ್ಲ. ಮೂವತ್ತು ನಲವತ್ತು ವರ್ಷಗಳ ಹಿಂದೆ ಯಾರ್ಯಾರೋ ಬರೆದಿಟ್ಟು ಹೋದ ಸರ್ಕಾರಿ ಪ್ರೋಗ್ರಾಮುಗಳು ಓಡಬೇಕಾದರೆ ಆ ಕಾಲದ ಕಂಪ್ಯೂಟರೇ ಬೇಕು. ಆ ಕಂಪ್ಯೂಟರಿನ ಬಿಡಿಭಾಗ ಗುಜರಿಯಲ್ಲೂ ಸಿಗುವುದಿಲ್ಲ. ಹೊಸದಾಗಿ ಬರೆಸೋಣವೆಂದರೆ ಆ ಪ್ರೋಗ್ರಾಮಿನ ಹೊಟ್ಟೆಯೊಳಗೆ ಏನಿದೆಯೆಂದು ಒಬ್ಬರಿಗೂ ತಿಳಿಯದು. ಕಡೆಗೆ ಹೊಸ ಕಂಪ್ಯೂಟರಿಗೆ ಹಳೆಯದರ ವೇಷ ಹಾಕಿಸಿದರು. ಹಳೆಯ ಪ್ರೋಗ್ರಾಮು ಬೆಳಿಗ್ಗೆ ಕಣ್ಣುಬಿಟ್ಟಾಗ ತನ್ನ ಸುತ್ತ ಇರುವುದು ತನ್ನದೇ ಕಾಲದ ಯಂತ್ರವೆಂದು ನಂಬಿ ಕೆಲಸಕ್ಕೆ ತೊಡಗುತ್ತದೆ. ಈ ವೇಷಕ್ಕೆ ಎಮ್ಯುಲೇಟರ್ ಎಂದು ಹೆಸರು. ಚಿಂಚಗೇರಿಯ ಜನ ಮಾತ್ರ ಅದನ್ನು ಸೋಗಿನ ಮಷಿನ್ ಎಂದೇ ಕರೆದರು, ಕರೆದು ನಕ್ಕರು, ನಕ್ಕು ಅದರ ಮುಂದೆ ಸಾಲು ನಿಂತರು.

ಚಿಂಚಗೇರಿ ಕಾಗಿಣಾ ನದಿಯ ದಂಡೆಯ ಊರು. ನೆಲ ಕೆದರಿದರೆ ಹಾಸುಗಲ್ಲು. ಅದನ್ನು ಸೀಳಿ, ಉಜ್ಜಿ, ನುಣುಪು ಮಾಡಿ ಲಾರಿಗೆ ಹೇರುವುದೇ ಅಲ್ಲಿನ ದುಡಿಮೆ. ಯಾರದೋ ಮನೆಯ ಪಡಸಾಲೆಗೆ ಹಾಸಿದ ಫರ್ಸಿ ಕಲ್ಲು ಎಷ್ಟು ನುಣುಪಾಗಿರುತ್ತದೋ ಅದನ್ನು ಉಜ್ಜಿದ ಹೆಂಗಸಿನ ಎದೆ ಅಷ್ಟೇ ಒರಟಾಗಿರುತ್ತದೆ. ಕಲ್ಲಿನ ಪುಡಿ ಉಸಿರಿನ ಜೊತೆ ಒಳಗೆ ಹೋಗಿ ಕೂತರೆ ಹೊರಗೆ ಬರುವುದಿಲ್ಲ.

ಊರಿನ ನಿಯಂತ್ರಣ ಕೊಠಡಿಯಲ್ಲಿ ಒಂದು ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಮೂವತ್ತೊಂದು ಸೋಗಿನ ಯಂತ್ರಗಳು. ಒಂದೊಂದು ಯಂತ್ರವೂ ಒಂದೊಂದು ಕಚೇರಿ. ಏಳನೆಯದು ಧೂಳು ದಫ್ತರ. ಪಾಲಿಶ್ ಕೆಲಸಕ್ಕೆ ಹೋಗುವವರು ಅದರ ಕಿಟಕಿಯ ಮುಂದೆ ನಿಂತು ನಳಿಕೆಯೊಳಗೆ ಊದಬೇಕು. ಉಸಿರಿನ ಅಳತೆ ಯಂತ್ರದಲ್ಲಿ ದಾಖಲಾಗಿ, ಸಾಲಿನ ನಂಬರು, ಹೆಸರು, ತಾರೀಖು, ಅಳತೆ ಇರುವ ಮೊಹರಿನ ಚೀಟಿಯೊಂದು ಬರುತ್ತದೆ. ಆ ಚೀಟಿ ತೋರಿಸಿದರಷ್ಟೇ ಆವತ್ತಿನ ಕೆಲಸಕ್ಕೆ ಬಿಡುತ್ತಾರೆ. ಉಸಿರು ಕುಗ್ಗುತ್ತ ಬಂದ ದಾಖಲೆ ನೂರಾ ಎಂಬತ್ತು ದಿನದ್ದು ಯಂತ್ರದಲ್ಲಿ ಸಿಕ್ಕಿದರೆ ಜಿಲ್ಲೆಯ ಧೂಳಿನ ಆಸ್ಪತ್ರೆಯಲ್ಲಿ ಹಾಸಿಗೆ, ಔಷಧ, ಆಮ್ಲಜನಕ ಎಲ್ಲವೂ ಉಂಟು. ದಾಖಲೆ ಇಲ್ಲದಿದ್ದರೆ ಗೇಟಿನ ಕಾವಲುಗಾರ ಕೂಡ ತಲೆಯೆತ್ತಿ ನೋಡುವುದಿಲ್ಲ.

ಆಸ್ಪತ್ರೆ ಕಟ್ಟಿಸಿ ಎಂಟು ವರ್ಷವಾಗಿತ್ತು. ಚಿಂಚಗೇರಿಯಿಂದ ಒಬ್ಬರೂ ಅದರ ಹಾಸಿಗೆ ಕಂಡಿರಲಿಲ್ಲ. ಚಿಂಚಗೇರಿಯಲ್ಲಿ ಧೂಳಿನ ರೋಗವಿಲ್ಲ ಎಂದು ಪ್ರತಿ ವರ್ಷದ ವರದಿಯಲ್ಲೂ ಅಚ್ಚಾಗುತ್ತಿತ್ತು.

ಜಗದೇವಿ ನಿಯಂತ್ರಣ ಕೊಠಡಿಗೆ ಬಂದದ್ದು ಕೈಪಿಡಿ ಬರೆಯುವುದಕ್ಕೆ. ಜನರ ಬಗ್ಗೆ ತೀರ್ಮಾನ ಕೊಡುವ ಯಾವ ಯಂತ್ರವೇ ಆಗಲಿ, ಅದನ್ನು ಯಾವ ಯಾವ ಆಯ್ಕೆಗಳೊಂದಿಗೆ ಚಾಲೂ ಮಾಡಬಹುದು ಎಂಬುದನ್ನು ಕನ್ನಡದಲ್ಲಿ ಬರೆದು, ಅದರ ಕಿಟಕಿಯ ಮುಂದೆ ಸರಪಳಿ ಹಾಕಿ ಇಡಬೇಕೆಂದು ಹೊಸ ಕಾನೂನು ಬಂದಿತ್ತು. ಕೈಪಿಡಿಯಲ್ಲಿರುವ ಯಾವ ಆಯ್ಕೆಯನ್ನು ಬೇಕಾದರೂ ಕಿಟಕಿಯ ಮುಂದೆ ನಿಂತವರು ಕೇಳಬಹುದು. ಕೊನೆಯ ಪುಟದಲ್ಲಿ ಬರೆದವರ ಸಹಿ ಬೇಕು: 'ಒಂದು ಆಯ್ಕೆಯನ್ನೂ ಬಿಟ್ಟಿಲ್ಲ.' ಆ ಕಾನೂನಿಗಾಗಿ ಊರೂರುಗಳ ಓದುಕೂಟದವರು ಮೂರು ವರ್ಷ ಬೀದಿಯಲ್ಲಿ ಕೂತಿದ್ದರು. ಜಗದೇವಿಯೂ ಕೂತಿದ್ದಳು. ಪಾಲಿಶ್ ಕಾರ್ಮಿಕರ ಸಂಘದ ಕೋಣೆಯಲ್ಲಿ ಭಾನುವಾರದ ಮಧ್ಯಾಹ್ನಗಳಲ್ಲಿ ಒಬ್ಬರು ಓದಿ ಹತ್ತು ಜನ ಕೇಳಿ ಜಗಳಾಡುವ ಕೂಟದಲ್ಲೇ ಅವಳು ಓದು ಕಲಿತದ್ದು. ಕಲ್ಲು ಹೊರುವ ತಾಯಿಯ ಮಡಿಲಲ್ಲಿ ಕೂತು ಕೇಳಿದವಳು, ಮುಂದೆ ತಾನೇ ಓದಿದವಳು. ತಾಯಿ ತೀರಿದ ಮೇಲೆ ಅಕ್ಕ ಕಸ್ತೂರಿಬಾಯಿ ಪಾಲಿಶ್ ಮಷಿನ್ನಿನ ಮುಂದೆ ನಿಂತು ಅವಳನ್ನು ಕಾಲೇಜಿಗೆ ಕಳಿಸಿದಳು. ಆ ಅಕ್ಕ ಈಗ ಮೂರು ಮೆಟ್ಟಿಲು ಹತ್ತಿ ನಾಲ್ಕನೆಯದಕ್ಕೆ ನಿಲ್ಲುತ್ತಾಳೆ.

ಬೆಳಿಗ್ಗೆ ಎಂಟಕ್ಕೆ ಕೊಠಡಿಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಆಪರೇಟರ್ ಮೈನುದ್ದೀನ್ ಕೈಕಾಲು ತೊಳೆದು, ಕನ್ನಡಕ ಒರೆಸಿ, ಗೋಡೆಗೆ ಅಂಟಿಸಿದ ಹಾಳೆಯ ಮುಂದೆ ನಿಲ್ಲುವನು. ಪ್ಲಾಸ್ಟಿಕ್ ಹೊದಿಸಿದ ಆ ಹಾಳೆಯಲ್ಲಿ ಮೂವತ್ತೊಂದು ಸಾಲು. ಒಂದೊಂದು ಸಾಲೂ ಒಂದು ಯಂತ್ರವನ್ನು ಎಬ್ಬಿಸುವ ಮಂತ್ರ: ಎಷ್ಟು ಮೆಮೊರಿ, ಯಾವ ಡಿಸ್ಕ್, ಯಾವ ಪರದೆ, ಎಲ್ಲ ಅದರಲ್ಲಿ. ಒಂದಕ್ಷರ ತಪ್ಪಿದರೆ ಯಂತ್ರ ಏಳುವುದಿಲ್ಲ. ಹಾಗಾಗಿ ಅವನು ಪ್ರತಿ ಅಕ್ಷರವನ್ನೂ ಬಾಯಲ್ಲಿ ಜೋರಾಗಿ ಹೇಳುತ್ತ ಬೆರಳಲ್ಲಿ ಒತ್ತುವನು. ಹನ್ನೊಂದು ವರ್ಷದಿಂದ ಒಂದು ದಿನವೂ ತಪ್ಪಿಲ್ಲ. ಕಿಟಕಿಯ ಹೊರಗೆ ನಿಂತವರಿಗೂ ಏಳನೇ ಸಾಲು ಬಾಯಿಪಾಠವಾಗಿತ್ತು.

"ಮೆಮೊರಿ ಅರವತ್ನಾಕು. ಡಿಸ್ಕ್ ಧೂಳು ಒಂದು. ಪರದೆ ಹಳೇದು. ಅಡ್ಡಗೆರೆ ಟಿ," ಎಂದು ಅವನು ಒಳಗೆ ಹೇಳಿದರೆ, ಹೊರಗಿನಿಂದ ಲಾಲಬೀ, ಆ ಸಾಲಿನಲ್ಲೇ ಬಾಯಿ ದೊಡ್ಡದಾದವಳು, "ಎದ್ದೇಳಪಾ ಸೋಗಲಾಡಿ, ಹೊತ್ತಾಗ್ಯಾದ," ಎಂದು ಮುಗಿಸುವಳು.

"ಚಾಚಾ, ಈ ಟಿ ಅಂದ್ರ ಏನು?" ಜಗದೇವಿ ಎರಡನೇ ವಾರ ಕೇಳಿದಳು. ನಲವತ್ತು ಆಯ್ಕೆಗಳನ್ನು ಬರೆದು ಮುಗಿಸಿದ್ದಳು; ನಲವತ್ತೊಂದನೆಯದು ಇದು. ಬೇರೆ ಮೂವತ್ತು ಸಾಲುಗಳಲ್ಲಿ ಎಲ್ಲೂ ಅದಿರಲಿಲ್ಲ.

"ಹಾಳ್ಯಾಗ ಅದ, ಹೊಡಿತೀನಿ."

"ತೆಗದ್ರ ಏನಾಗ್ತದ?"

ಮೈನುದ್ದೀನ್ ಕನ್ನಡಕದ ಮೇಲಿಂದ ಅವಳನ್ನು ನೋಡಿದ. "ಬೇಟಿ, ಮಷಿನ್ ಕೂಡಿಸ್ಲಾಕ ಬಂದಿದ್ದ ಹುಡುಗ ಹೋಗೂ ಮುಂದ ಒಂದ ಮಾತು ಹೇಳಿ ಹೋದ. ಚಾಚಾ, ಒಂದಕ್ಷರ ಮುಟ್ಟಬ್ಯಾಡ್ರಿ, ಮುಟ್ಟಿದ್ರ ಅದು ಕೆಡ್ತದ, ನಿಮ್ಮ ನೌಕರಿ ಹೋಗ್ತದ ಅಂತ. ಹನ್ನೊಂದ ವರ್ಷ ನಾ ಮುಟ್ಟಿಲ್ಲ. ನೀನೂ ಮುಟ್ಟಬ್ಯಾಡ."

ಮುಟ್ಟದೆ ಬರೆಯುವುದು ಜಗದೇವಿಗೆ ಬರುತ್ತಿರಲಿಲ್ಲ. ತಾನೇ ಓಡಿಸಿ ನೋಡದ ಆಯ್ಕೆಯ ಬಗ್ಗೆ ಒಂದು ಸಾಲೂ ಬರೆಯಬಾರದೆಂಬುದು ಅವಳ ಕಟ್ಟಳೆ. ಏಳನೇ ಯಂತ್ರದ ಡಿಸ್ಕಿನ ಒಂದು ನಕಲನ್ನು ತನ್ನ ಮೇಜಿನ ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಹಾಳೆಯಲ್ಲಿದ್ದ ಹಾಗೆಯೇ ಚಾಲೂ ಮಾಡಿದಳು. ತನ್ನ ಹೆಸರು ಹಾಕಿದಳು, ಉಸಿರಿನ ಅಳತೆ ನಾನೂರು ಎಂದು ಹಾಕಿದಳು. ಯಂತ್ರ ಬರೆದುಕೊಂಡಿತು. ದಾಖಲೆ ತೆಗೆದು ನೋಡಿದಳು. ಜಗದೇವಿ, ಒಂದು ದಿನ, ಎಂದಿತು. ಯಂತ್ರವನ್ನು ಆರಿಸಿದಳು. ಮತ್ತೆ ಎಬ್ಬಿಸಿದಳು. ಹುಡುಕಿದಳು.

ಅಂಥವರು ಯಾರೂ ಇಲ್ಲ, ಎಂದಿತು ಯಂತ್ರ.

ಅವಳು ಟಿ ತೆಗೆದು ಮತ್ತೊಮ್ಮೆ ಅದೇ ಮಾಡಿದಳು. ಆರಿಸಿ ಎಬ್ಬಿಸಿದಾಗ ಜಗದೇವಿ ಇದ್ದಳು. ಟಿ ಹಾಕಿ ಮಾಡಿದಳು, ಹೋದಳು. ತೆಗೆದು ಮಾಡಿದಳು, ಉಳಿದಳು. ನಲವತ್ತು ಸಲ ಮಾಡಿದಳು. ನಲವತ್ತೂ ಸಲ ಒಂದೇ ಉತ್ತರ.

ಕಲ್ಲು ಸೀಳುವ ಮುಂಚೆ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯುತ್ತಾರೆ. ಪಾಲಿಶ್ ಮಷಿನ್ನಿನ ನೀರು ಬಿದ್ದ ಕೂಡಲೇ ಆ ಗೆರೆ ತೊಳೆದು ಹೋಗುತ್ತದೆ, ಕಲ್ಲು ಮೊದಲಿದ್ದ ಹಾಗೇ ಇರುತ್ತದೆ. ಟಿ ಮಾಡುತ್ತಿದ್ದದ್ದೂ ಅದನ್ನೇ. ಯಂತ್ರ ಡಿಸ್ಕನ್ನು ಮುಟ್ಟುತ್ತಿರಲಿಲ್ಲ. ಅದರ ಮೇಲೊಂದು ತೆಳು ಪರೆ ಹಾಸಿ, ದಿನವಿಡೀ ಬಂದದ್ದನ್ನೆಲ್ಲ ಆ ಪರೆಯ ಮೇಲೆ ಬರೆದುಕೊಂಡು, ಸಂಜೆ ಆರಿಸಿದಾಗ ಪರೆಯನ್ನು ಎಸೆಯುತ್ತಿತ್ತು. ಯಂತ್ರ ಕೂರಿಸಲು ಬಂದವರು ಪರೀಕ್ಷೆಗಾಗಿ ಹಾಕಿಕೊಂಡಿದ್ದ ಆಯ್ಕೆ ಅದು. ಹೋಗುವಾಗ ತೆಗೆಯಲು ಮರೆತರು. ಮರೆತದ್ದು ಹಾಳೆಯ ಮೇಲೆ ಅಚ್ಚಾಯಿತು, ಅಚ್ಚಾದದ್ದು ಮಂತ್ರವಾಯಿತು.

ಅದು ಮರೆವು. ಆದರೆ ಅದರ ಮೇಲೆ ಕಟ್ಟಿದ್ದು ಮರೆವಲ್ಲ. ಜಗದೇವಿ ಕಡತದ ಕೋಣೆಯಲ್ಲಿ ಎರಡು ಮಧ್ಯಾಹ್ನ ಕೂತು ಹನ್ನೊಂದು ವರ್ಷದ ಹಿಂದಿನ ಒಂದು ಸುತ್ತೋಲೆಯನ್ನು ಹುಡುಕಿ ತೆಗೆದಳು. ಮೊದಲ ವಾರವೇ ಜನ ಬಂದು, ನಿನ್ನೆ ಬರೆಸಿದ ಹೆಸರು ಇವತ್ತಿಲ್ಲ ಎಂದು ಗಲಾಟೆ ಮಾಡಿದ್ದರು. ಆಗಿನ ಅಧಿಕಾರಿ ಯಂತ್ರದ ಕಡೆ ನೋಡಲಿಲ್ಲ; ಪೆನ್ನು ತೆಗೆದ. 'ಧೂಳು ದಫ್ತರದಲ್ಲಿ ನೋಂದಣಿಯು ದಿನನಿತ್ಯದ್ದಾಗಿದ್ದು, ಪ್ರತಿದಿನ ಹೊಸದಾಗಿ ಮಾಡಿಸತಕ್ಕದ್ದು.' ಮುಗಿಯಿತು. ಯಂತ್ರದ ತಪ್ಪಿಗೆ ಜನರನ್ನು ಹೊಂದಿಸಿದ್ದಾಯಿತು. ಜನ ಹೊಂದಿಕೊಂಡರು, ಬಡವರಿಗೆ ಅದೊಂದು ಅಭ್ಯಾಸ ಇದ್ದೇ ಇದೆ. ಏಳಕ್ಕೆಲ್ಲ ಸಾಲು ನಿಲ್ಲುವುದನ್ನು ಕಲಿತರು. ಮಕ್ಕಳ ತಲೆ ಬಾಚಲು ಬಾಚಣಿಗೆಯನ್ನು ಸಾಲಿಗೇ ತಂದರು. ಹೆಣ್ಣು ನೋಡುವ ಮಾತು, ಬಾಣಂತಿಯ ಸುದ್ದಿ, ಜಗಳ, ರಾಜಿ ಎಲ್ಲ ಆ ಸಾಲಿನಲ್ಲೇ ನಡೆದವು. ಸರ್ಕಾರ ನಮ್ಮ ಉಸಿರನ್ನು ದಿನಾ ಕೇಳುತ್ತದೆ, ಎಷ್ಟು ಕಾಳಜಿ ನೋಡು ಎಂದು ಮುದುಕಿಯರು ಹೇಳಿದ್ದೂ ಉಂಟು.

ಮೂರು ವರ್ಷ ಕಳೆದು ನೂರಾ ಎಂಬತ್ತು ದಿನದ ನಿಯಮ ಬಂತು. ಪ್ರತಿ ದಿನ ಬೆಳಿಗ್ಗೆ ಎಲ್ಲರ ಲೆಕ್ಕವೂ ಒಂದರಿಂದ ಶುರುವಾಗಿ ಸಂಜೆಗೆ ಸೊನ್ನೆಯಾಗುವ ಊರಲ್ಲಿ ಯಾರು ನೂರಾ ಎಂಬತ್ತು ಮುಟ್ಟುತ್ತಾರೆ?

ಅವಳು ಸುತ್ತೋಲೆಯನ್ನು ತಂದು ಮೈನುದ್ದೀನನ ಮುಂದಿಟ್ಟಳು. ನಕಲಿನ ಯಂತ್ರದಲ್ಲಿ ಅವನ ಹೆಸರನ್ನೇ ಹಾಕಿ, ಆರಿಸಿ, ಎಬ್ಬಿಸಿ ತೋರಿಸಿದಳು. ಅವನು ಪರದೆಯ ಹತ್ತಿರ ಬಾಗಿದ.

"ಮತ್ತೊಮ್ಮೆ ಮಾಡು," ಎಂದ.

ಮತ್ತೊಮ್ಮೆ ಮಾಡಿದಳು.

"ದಿನಾ ಸಂಜಿಕ್ಕ ಐದಕ್ಕ ನಾನ ಆರಸ್ತಿದ್ದೆ," ಎಂದ ಅವನು. "ಈ ಕೈಲೇ."

ಸಹಾಯಕ ನಿರ್ದೇಶಕ ಮಾಣಿಕರಾವ್ ಕೆಟ್ಟ ಮನುಷ್ಯನೇನಲ್ಲ. ಜಗದೇವಿಗೆ ಕುರ್ಚಿ ಹಾಕಿಸಿದ, ಚಹಾ ತರಿಸಿದ, ನಲವತ್ತೊಂದನೇ ಪುಟವನ್ನು ಎರಡು ಸಲ ಓದಿದ. ಕೆಟ್ಟವರಲ್ಲದ ಮನುಷ್ಯರೇ ಇಂಥ ಕೆಲಸಗಳನ್ನು ಹನ್ನೊಂದು ವರ್ಷ ನಡೆಸಿಕೊಂಡು ಹೋಗುವುದು.

"ಚಂದ ಬರದೀರಿ ಜಗದೇವಿಯವರ. ನನಗೂ ಇದು ಗೊತ್ತಿರಲಿಲ್ಲ, ಹೋದ ವರ್ಷ ಗೊತ್ತಾತು."

"ಹೋದ ವರ್ಷ," ಎಂದಳು ಜಗದೇವಿ.

"ಗೊತ್ತಾಗಿ ಏನು ಮಾಡ್ಬೇಕು ಹೇಳ್ರಿ. ಹೊರಗ ಬಿದ್ದರ ಹನ್ನೊಂದು ವರ್ಷದ ಎಲ್ಲಾ ವರದಿ ಸುಳ್ಳು ಆಗ್ತಾವ. ಎಷ್ಟು ಜನರ ನೌಕರಿ, ಎಷ್ಟು ಜನರ ಪಿಂಚಣಿ. ಮುಂದಿನ ವರ್ಷ ಹೊಸ ಪ್ರೋಗ್ರಾಮ್ ಬರ್ತದ, ತಾನಾಗೇ ಸರಿ ಹೋಗ್ತದ. ಅಲ್ಲೀತನಕ ಇದೊಂದು ಪುಟ ಬಿಡ್ರಿ. ನಲವತ್ತರ ಮುಂದ ನಲವತ್ತೆರಡು. ಯಾರು ಎಣಿಸ್ತಾರ?"

"ಸಹಿ ನಂದು ಸಾಹೇಬ್ರ. ಒಂದು ಆಯ್ಕೇನೂ ಬಿಟ್ಟಿಲ್ಲ ಅಂತ ಬರೀಬೇಕು."

ಮಾಣಿಕರಾವ್ ಮೇಜಿನ ಖಾನೆ ಎಳೆದು ಒಂದು ಲಕೋಟೆ ತೆಗೆದ. "ನಿಮ್ಮ ಅಕ್ಕನವರ ಸುದ್ದಿ ಕೇಳೀನಿ. ಇದು ನನ್ನ ಶಿಫಾರಸ್ಸು ಪತ್ರ. ಇದಿದ್ದರ ದಾಖಲೆ ಕೇಳಂಗಿಲ್ಲ, ನಾಳೇನೇ ಹಾಸಿಗಿ ಸಿಗ್ತದ. ತಗೊಳ್ರಿ. ಸೋಮವಾರ ಪುಸ್ತಕ ಕಿಟಕಿಗೆ ಇಡೂದು ಅದ, ನಾನೇ ಬಂದು ಮುಟ್ಟಿದ್ದಕ್ಕ ಸಹಿ ಮಾಡ್ತೀನಿ."

ಅವಳು ಲಕೋಟೆ ತೆಗೆದುಕೊಂಡಳು. ಅದನ್ನು ಹೇಳದೆ ಬಿಟ್ಟರೆ ಕಥೆ ಸುಳ್ಳಾಗುತ್ತದೆ. ಅಕ್ಕನ ಉಸಿರು ಗೋಡೆಯಾಚೆಗೂ ಕೇಳಿಸುವ ಮನೆಯಲ್ಲಿ ಇದ್ದವಳು ಅವಳು. ತೆಗೆದುಕೊಂಡು, ಚೀಲದೊಳಗಿಟ್ಟು, ದಾರಿಯುದ್ದಕ್ಕೂ ಚೀಲವನ್ನು ಎದೆಗೊತ್ತಿಕೊಂಡು ಬಂದಳು.

ಕಸ್ತೂರಿಬಾಯಿ ಹಿತ್ತಿಲ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಒಂದು ಮೊರ ಕೇರುವುದು, ನಿಲ್ಲುವುದು, ಉಸಿರು ಎಳೆದುಕೊಳ್ಳುವುದು, ಮತ್ತೆ ಕೇರುವುದು. ಜಗದೇವಿ ಎಲ್ಲವನ್ನೂ ಹೇಳಿದಳು, ಟಿ, ಪರೆ, ಸುತ್ತೋಲೆ, ಲಕೋಟೆ. ಅಕ್ಕ ಕಲ್ಲು ಹರಳು ಆರಿಸಿ ಹೊರಗೆ ಹಾಕುತ್ತಿದ್ದಳು.

"ಅಂದ್ರ ನಾ ಹನ್ನೊಂದ ವರ್ಷ ದಿನಾ ಹೋಗಿ ಊದಿದ್ದು ಗಾಳಿಗೆ ಹೋತು."

"ಹೂಂ ಅಕ್ಕ."

"ಈ ಪತ್ರದಾಗ ಎಷ್ಟ ಮಂದಿ ಹೆಸರು ಅದಾವ?"

"ನಿಂದೊಂದೇ."

"ಡಾಕ್ಟರ್ ಏನಂದಾನ ನಿಂಗ? ನಂಗ ಹೇಳಿಲ್ಲ, ನಿಂಗ ಹೇಳ್ಯಾನ."

ಜಗದೇವಿ ಕೆಳಗೆ ಬಿದ್ದ ಕಾಳು ಹೆಕ್ಕತೊಡಗಿದಳು.

"ಹೇಳು ತಂಗಿ. ನನ್ನ ಎದಿ, ನಂಗ ಗೊತ್ತಿಲ್ಲೇನು?"

"ಇಲಾಜ್ ಇಲ್ದಿದ್ರ ಎರಡು ತಿಂಗಳು ಅಂದಾನ. ಭಾಳಂದ್ರ ಮೂರು."

ಕಸ್ತೂರಿಬಾಯಿ ಮೊರವನ್ನು ಕೆಳಗಿಟ್ಟಳು. ಕೆಮ್ಮು ಬಂತು, ಬಹಳ ಹೊತ್ತು ಇತ್ತು, ಹೋಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡು ತಂಗಿಯನ್ನು ನೋಡಿದಳು.

"ನಾ ಹಾಸಿಗಿ ಮ್ಯಾಲ ಮಲಕ್ಕೊಂಡು, ಲಾಲಬೀ ಗೇಟಿನ ಹೊರಗ ಕೆಮ್ಮತಾ ಕುಂತ್ರ ನಂಗ ಉಸಿರು ಬರ್ತದೇನ? ನಾ ನಿನ್ನ ಓದಿಸಿದ್ದು ಪುಟ ಬಿಟ್ಟು ಓದ್ಲಿ ಅಂತ ಅಲ್ಲ. ಒಯ್ದು ಅವನ ಪತ್ರ ಅವನಿಗೇ ಕೊಡು. ನಾಳೆ ಭಾನುವಾರ ಅದ, ಆ ಪುಟ ಕೂಟದಾಗ ಓದು. ತಿಳೀಲಿಲ್ಲಂದ್ರ ಬೈತಾರ, ಬೈಸ್ಕೋ."

ಸಂಘದ ಕೋಣೆಯಲ್ಲಿ ಮರುದಿನ ಅರವತ್ತು ಜನ ಸೇರಿದರು. ಜಗದೇವಿ ನಲವತ್ತೊಂದನೇ ಪುಟ ಓದಿದಳು. ಮೂರನೇ ಸಾಲಿಗೇ ಲಾಲಬೀ ಕೈ ಎತ್ತಿದಳು.

"ತಾತ್ಪೂರ್ತಿಕ ಸಂಗ್ರಹ ಅಂದ್ರ ಏನವ್ವಾ? ನಮಗ ಬರದೀಯೋ ಮಾಣಿಕರಾವಗ ಬರದೀಯೋ?"

ಎಲ್ಲರೂ ನಕ್ಕರು. ಜಗದೇವಿ ಆ ಪದ ಹೊಡೆದುಹಾಕಿದಳು. ಮತ್ತೆ ಓದಿದಳು, ಮತ್ತೆ ನಿಲ್ಲಿಸಿದರು. ಎರಡು ತಾಸಿನಲ್ಲಿ ಆ ಪುಟ ಐದು ಸಾಲಿಗೆ ಇಳಿಯಿತು. 'ಟಿ: ಇದನ್ನು ಹಾಕಿ ಯಂತ್ರ ಚಾಲೂ ಮಾಡಿದರೆ ಆ ದಿನ ಬರೆಸಿದ್ದು ಯಾವುದೂ ಉಳಿಯುವುದಿಲ್ಲ. ಸಂಜೆ ಯಂತ್ರ ಆರಿಸಿದಾಗ ಎಲ್ಲ ಅಳಿಯುತ್ತದೆ. ಇದು ಪರೀಕ್ಷೆಗೆ ಮಾತ್ರ ಬೇಕಾದದ್ದು. ಜನರ ದಾಖಲೆ ಬರೆಯುವಾಗ ಇದನ್ನು ಹಾಕಬಾರದು. ಏಳನೇ ಯಂತ್ರವನ್ನು ಹನ್ನೊಂದು ವರ್ಷ ಇದನ್ನು ಹಾಕಿಯೇ ಚಾಲೂ ಮಾಡಲಾಗಿದೆ.'

ಕೊನೆಯ ಸಾಲು ಓದಿದ ಮೇಲೆ ಯಾರೂ ನಗಲಿಲ್ಲ. ಗೋಡೆಗೊರಗಿ ಕೂತ ಒಬ್ಬ ಮುದುಕಿ ಬೆರಳು ಮಡಿಚಿ ಮಡಿಚಿ ಏನನ್ನೋ ಎಣಿಸುತ್ತಿದ್ದಳು. ತೀರಿಹೋದವರನ್ನೋ, ದಿನಗಳನ್ನೋ, ಜಗದೇವಿ ಕೇಳಲಿಲ್ಲ.

ಸೋಮವಾರ ಏಳಕ್ಕೆ ಸಾಲು ನಿಂತಿತ್ತು. ಎಂದಿನ ಸಾಲೇ. ಆದರೆ ಬಾಚಣಿಗೆಗಳಿರಲಿಲ್ಲ, ಹರಟೆಯಿರಲಿಲ್ಲ. ಮಾಣಿಕರಾವ್ ಬಂದ, ಎಲ್ಲರ ಎದುರು ಜಗದೇವಿಯ ಕೈಯಿಂದ ಕೈಪಿಡಿ ತೆಗೆದುಕೊಂಡು, ಕೊನೆಯ ಪುಟದಲ್ಲಿ ಅವಳ ಸಹಿ ಇದೆಯೆಂದು ನೋಡಿ, ಮುಟ್ಟಿದ್ದಕ್ಕೆ ತನ್ನ ಸಹಿ ಹಾಕಿದ. ಅವಳು ಪತ್ರ ತೆಗೆದುಕೊಂಡಿದ್ದಾಳೆ ಎಂಬ ಧೈರ್ಯದಲ್ಲಿ ಒಳಗಿನ ಪುಟ ತಿರುವಲಿಲ್ಲ. ಪುಸ್ತಕಕ್ಕೆ ಸರಪಳಿ ಬಿತ್ತು. ಆಮೇಲೆ ಜಗದೇವಿ ಲಕೋಟೆಯನ್ನು ಅವನ ಕೈಗೆ ವಾಪಸು ಕೊಟ್ಟಳು.

ಒಳಗೆ ಮೈನುದ್ದೀನ್ ಹಾಳೆಯ ಮುಂದೆ ನಿಂತ. "ಮೆಮೊರಿ ಅರವತ್ನಾಕು. ಡಿಸ್ಕ್ ಧೂಳು ಒಂದು. ಪರದೆ ಹಳೇದು."

ಅಲ್ಲಿಗೆ ನಿಲ್ಲಿಸಿದ. ಹೊರಗೆ ಅರವತ್ತು ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ಇದ್ದಷ್ಟು ಉಸಿರು.

"ಮುಂದಿಂದು ಹೇಳಪಾ," ಎಂದ ಮಾಣಿಕರಾವ್ ಬಾಗಿಲಲ್ಲಿ ನಿಂತು.

"ಚಾಚಾ," ಎಂದಳು ಕಸ್ತೂರಿಬಾಯಿ ಕಿಟಕಿಯ ಮೊದಲ ಜಾಗದಿಂದ. "ಪುಸ್ತಕದಾಗ ನಲವತ್ತೊಂದನೇ ಪುಟ ಅದ. ಟಿ ಇಲ್ದ ಚಾಲೂ ಮಾಡ್ರಿ ಅಂತ ನಾ ಕೇಳ್ತೀನಿ. ಅಲ್ಲೀತನಕ ನಾವ್ಯಾರೂ ಊದಂಗಿಲ್ಲ. ಚೀಟಿ ಇಲ್ದಿದ್ರ ಇವತ್ತು ಕಲ್ಲಿನ ಮಷಿನ್ ಒಂದೂ ತಿರಗಂಗಿಲ್ಲ."

ಮಾಣಿಕರಾವ್ ಪುಸ್ತಕ ತೆಗೆದು ತಿರುವಿದ. ಐದು ಸಾಲು ಓದಲು ಎಷ್ಟು ಹೊತ್ತು ಬೇಕು?

"ಮೈನುದ್ದೀನ್, ಮಷಿನ್ ಕೆಟ್ಟರ ಅದರ ಜವಾಬ್ದಾರಿ ನಿಂದು. ಲಿಖಿತದಾಗ ಕೊಡ್ತೀನಿ. ಪಿಂಚಣಿಗೆ ಎರಡು ವರ್ಷ ಉಳದಾವ ನಿಂಗ, ನೆನಪಿಟ್ಕೋ."

"ನಲವತ್ತು ಸಲ ಮಾಡಿ ನೋಡೀನಿ ಚಾಚಾ," ಎಂದಳು ಜಗದೇವಿ. "ಕೆಡಂಗಿಲ್ಲ."

ಮೈನುದ್ದೀನ್ ಯಾರ ಕಡೆಯೂ ನೋಡಲಿಲ್ಲ. "ಸಾಹೇಬ್ರ," ಎಂದ, "ಕೆಟ್ಟಿದ್ದನ್ನ ಹನ್ನೊಂದ ವರ್ಷ ನಡಸೀನಿ, ಆಗ ಯಾರೂ ಲಿಖಿತದಾಗ ಕೇಳ್ಲಿಲ್ಲ." ಟಿ ಒತ್ತದೆ, ಅಡ್ಡಗೆರೆಯನ್ನೂ ಹಾಕದೆ, ಕೊನೆಯ ಗುಂಡಿ ಒತ್ತಿದ.

ಯಂತ್ರ ಎದ್ದಿತು. ಎಂದಿನ ಹಾಗೇ, ಎಂದಿಗಿಂತ ಅರ್ಧ ನಿಮಿಷ ತಡವಾಗಿ. ಕಸ್ತೂರಿಬಾಯಿ ಊದಿದಳು: ನೂರಾ ಮೂವತ್ತು. ಆಮೇಲೆ ಲಾಲಬೀ. ಆಮೇಲೆ ಎಲ್ಲರೂ. ಮರುದಿನ ಬೆಳಿಗ್ಗೆ ಕಸ್ತೂರಿಬಾಯಿಯ ಹೆಸರಿನ ಮುಂದೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಎರಡು ಎಂಬ ಅಂಕಿ ಬಂತು. ಲಾಲಬೀ ಅದನ್ನು ನೋಡಲು ಕಿಟಕಿಯೊಳಗೆ ತಲೆ ತೂರಿಸಿ, "ನಮ್ಮಕ್ಕ ಎರಡ ದಿನದ ಕೂಸು ಆಗ್ಯಾಳ, ತೊಟ್ಲ ತರ್ರಿ," ಎಂದಳು.

ಜಗದೇವಿಯ ಕೆಲಸ ಆವತ್ತೇ ಹೋಯಿತು. ಕಾಗದ ತಂದುಕೊಟ್ಟ ಮಾಣಿಕರಾವ್ ಸೋತವನ ಹಾಗೆ ಕಾಣಲಿಲ್ಲ. "ಆತಲ್ಲ, ನೀವು ಗೆದ್ದ್ರಿ," ಎಂದ ಸಾಲಿನವರಿಗೆ. "ನಿಯಮದ ಪ್ರಕಾರ ಇನ್ನು ನೂರಾ ಎಪ್ಪತ್ತೆಂಟು ದಿನ ಬರ್ರಿ, ಆಸ್ಪತ್ರೆ ಬಾಗಿಲು ತಾನೇ ತೆರೀತದ. ನಾನೂ ಬೇಡ ಅನ್ನಂಗಿಲ್ಲ."

ಕಸ್ತೂರಿಬಾಯಿಗೆ ಅಷ್ಟು ದಿನಗಳಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಸಾಲಿನಲ್ಲಿ ಅಷ್ಟು ದಿನಗಳಿಲ್ಲದವರು ಇನ್ನೂ ಹದಿನಾಲ್ಕು ಜನರಿದ್ದರು. ತಪ್ಪು ಒಪ್ಪಿಕೊಂಡಂತೆ ಮಾಡಿ, ತಪ್ಪಿತಸ್ಥನನ್ನು ಬಿಟ್ಟು, ಶಿಕ್ಷೆಯನ್ನು ಮತ್ತೆ ಅದೇ ಜನಕ್ಕೆ ಕೊಡುವ ಈ ಜಾಣತನಕ್ಕೆ ಯಾವ ಕೈಪಿಡಿಯಲ್ಲೂ ಪುಟವಿರುವುದಿಲ್ಲ.

ಸಾಲು ಚದುರಲಿಲ್ಲ. ಎಲ್ಲರೂ ಅಲ್ಲೇ ಹಾಸುಗಲ್ಲಿನ ಮೇಲೆ ಕೂತರು. ಜಗದೇವಿ ಸರಪಳಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವತೊಡಗಿದಳು. ತಾನೇ ಬರೆದ ಪುಸ್ತಕವನ್ನು ಮೊದಲ ಬಾರಿಗೆ ಕಿಟಕಿಯ ಈ ಕಡೆಯಿಂದ ಓದುತ್ತಿದ್ದಳು. ಐವತ್ತಾರನೇ ಪುಟದಲ್ಲಿ ಬೆರಳು ನಿಂತಿತು. ಆ ಪುಟ ಬರೆಯುವಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಮೂರು ಸಾಲಿನ ಬೇಸರದ ಪುಟ. ಈಗ ಜೋರಾಗಿ ಓದಿದಳು.

"'ತಾರೀಖು: ಸೋಗಿನ ಯಂತ್ರಕ್ಕೆ ಇವತ್ತು ಯಾವ ದಿನವೆಂದು ತಾನಾಗಿ ತಿಳಿಯದು. ಚಾಲೂ ಮಾಡುವಾಗ ನಾವು ಹೇಳಿದ ತಾರೀಖನ್ನೇ ಅದು ನಂಬುತ್ತದೆ. ಏನೂ ಹೇಳದಿದ್ದರೆ ಹೊರಗಿನ ಗಡಿಯಾರ ನೋಡಿಕೊಳ್ಳುತ್ತದೆ.'"

ಲಾಲಬೀ ಕೈ ಎತ್ತಿದಳು. "ಅಂದ್ರ ಹೋದ ದಿನಾನೂ ಹೇಳಬಹುದೇನು?"

"ಹೇಳಬಹುದು."

"ಹೋದ ದಿನದ ಚೀಟಿ ನಮ್ಮ ಕಡೆ ಅದಾವ." ಅವಳು ಮಾತು ಮುಗಿಸುವ ಮೊದಲೇ ನಾಲ್ಕು ಜನ ಎದ್ದು ಮನೆಗಳ ಕಡೆ ನಡೆದಿದ್ದರು. ಕೆಲಸದ ಗೇಟಿನಲ್ಲಿ ತೋರಿಸಿದ ಚೀಟಿಯನ್ನು ಎಸೆಯುವ ರೂಢಿ ಚಿಂಚಗೇರಿಯಲ್ಲಿಲ್ಲ. ಮೊಹರಿದ್ದ ಕಾಗದ ಎಸೆಯಲು ಹೆದರುವ ಜನ ಅವರು. ಮೊಳೆಗೆ ತಂತಿ ಕಟ್ಟಿ ಪೋಣಿಸಿಟ್ಟಿದ್ದರು. ತಂತಿ ತಂತಿಯನ್ನೇ ಹೆಗಲಿಗೆ ಹಾಕಿಕೊಂಡು ಬಂದರು. ಪ್ರತಿ ಚೀಟಿಯಲ್ಲೂ ಸರ್ಕಾರದ್ದೇ ಮೊಹರು, ಸರ್ಕಾರದ್ದೇ ತಾರೀಖು, ಆ ದಿನದ ಉಸಿರು.

ಕಸ್ತೂರಿಬಾಯಿ ಕಿಟಕಿ ಹಿಡಿದುಕೊಂಡು ಎದ್ದು ನಿಂತಳು. "ಚಾಚಾ, ಐವತ್ತಾರನೇ ಪುಟ ಕೇಳ್ತೀನಿ. ನೂರಾ ಎಂಬತ್ತು ದಿನದ ಹಿಂದಿನ ತಾರೀಖು ಹಾಕ್ರಿ."

"ಇದು ಖೊಟ್ಟಿ ದಾಖಲೆ," ಎಂದ ಮಾಣಿಕರಾವ್. ಅವನ ದನಿ ಮೊದಲ ಸಲ ಏರಿತ್ತು. "ಹಿಂದಿನ ತಾರೀಖು ಹಾಕೂದು ಅಪರಾಧ. ಪೊಲೀಸರನ್ನ ಕರೆಸ್ತೀನಿ."

"ಕರೆಸ್ರಿ," ಎಂದಳು ಜಗದೇವಿ. "ನಿಮ್ಮ ಮೊಹರು ಖೊಟ್ಟಿ ಅಂತ ನೀವ ಹೇಳ್ರಿ ಅವರಿಗೆ. ನಡೆದ ದಿನಾನ ನಡದಿಲ್ಲ ಅಂದವರು ನೀವು. ನಾವು ನಡೆದಿದ್ದನ್ನ ನಡೆದಂಗೇ ಬರಸ್ತೀವಿ. ನಂಗ ನೌಕರಿ ಇಲ್ಲ ಈಗ, ಎಷ್ಟ ದಿನ ಬೇಕಾದ್ರೂ ಇಲ್ಲೇ ಕೂಡ್ತೀನಿ."

ಪೊಲೀಸರು ಬಂದರು. ಪುಸ್ತಕ ಓದಿದರು, ಕಾನೂನು ಓದಿದರು, ಮಾಣಿಕರಾವನ ಸಹಿ ನೋಡಿದರು. ಅವರಲ್ಲೊಬ್ಬ ಚಿಂಚಗೇರಿಯವನೇ, ಅವನ ತಾಯಿ ಆ ಸಾಲಿನಲ್ಲಿ ಕೂತಿದ್ದಳು. ಜೀಪಿನ ನೆರಳಿನಲ್ಲಿ ನಿಂತು ಮೇಲಿನವರಿಗೆ ಫೋನು ಮಾಡಿದರು, ಮೇಲಿನವರು ಅವರ ಮೇಲಿನವರಿಗೆ. ಅಷ್ಟರಲ್ಲಿ ಹನ್ನೊಂದು ಗಂಟೆಯಾಗಿತ್ತು, ಒಂದು ಕಲ್ಲೂ ಉಜ್ಜಿರಲಿಲ್ಲ, ಲಾರಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಕೈಪಿಡಿಯಲ್ಲಿ ಇದ್ದರೆ ಮಾಡಿ ಎಂದು ಕೊನೆಗೆ ಯಾವುದೋ ಮೇಲಿನಿಂದ ಆದೇಶ ಬಂತು. ಜನರ ಮೇಲಿನ ಪ್ರೀತಿಯಿಂದ ಅಲ್ಲ, ಲಾರಿಗಳ ಮೇಲಿನ ಪ್ರೀತಿಯಿಂದ. ಇರಲಿ. ಬಂತು.

ಒಂದು ದಿನ ಎಬ್ಬಿಸಿ, ಎಲ್ಲರ ಚೀಟಿ ಬರೆದು, ಆರಿಸಿ, ಮರುದಿನವನ್ನು ಎಬ್ಬಿಸಲು ಅರ್ಧ ತಾಸು. ದಿನಕ್ಕೆ ಹದಿನೈದರಂತೆ ಹಿಡಿದರೂ ಹನ್ನೆರಡು ದಿನ. ಹನ್ನೆರಡು ದಿನ ಅಕ್ಕನ ಎದೆ ತಾಳುತ್ತದೆಂದು ಜಗದೇವಿ ಲೆಕ್ಕ ಹಾಕಿದಳು.

ಮೈನುದ್ದೀನ್ ಗೋಡೆಯ ಹಾಳೆಯನ್ನು ಕಿತ್ತು ಪಕ್ಕಕ್ಕಿಟ್ಟು, ಪುಸ್ತಕ ನೋಡಿಕೊಂಡು ಹೇಳಿದ: "ಮೆಮೊರಿ ಅರವತ್ನಾಕು. ಡಿಸ್ಕ್ ಧೂಳು ಒಂದು. ಪರದೆ ಹಳೇದು. ತಾರೀಖು." ಆರು ತಿಂಗಳ ಹಿಂದಿನ ಒಂದು ಗುರುವಾರವನ್ನು ಒತ್ತಿದ.

ಯಂತ್ರ ಕಣ್ಣುಬಿಟ್ಟಿತು. ಅದಕ್ಕೆ ಆವತ್ತು ಗುರುವಾರ. ಹೊರಗೆ ಜನ ಚೀಟಿಯ ನಂಬರು ನೋಡಿಕೊಂಡು ಆ ಗುರುವಾರ ನಿಂತಿದ್ದ ಕ್ರಮದಲ್ಲೇ ನಿಂತರು. ಯಾರೂ ಹೇಳಿರಲಿಲ್ಲ, ಹಾಗೇ ನಿಂತರು. ಹಾಗೆ ನಿಂತಾಗ ಸಾಲಿನ ನಡುವೆ ಮೂರು ಕಡೆ ಜಾಗ ಖಾಲಿ ಉಳಿಯಿತು. ಅದನ್ನು ತುಂಬಲು ಯಾರೂ ಮುಂದೆ ಸರಿಯಲಿಲ್ಲ.

ಕಸ್ತೂರಿಬಾಯಿ ತನ್ನ ಚೀಟಿ ಕೊಟ್ಟಳು. ಇನ್ನೂರ ಐದು, ಎಂದು ಮೈನುದ್ದೀನ್ ಬರೆದ. ಆಮೇಲೆ ಲಾಲಬೀ. ಆಮೇಲೆ ಇನ್ನಿಬ್ಬರು. ಐದನೆಯದು ಖಾಲಿ ಜಾಗ. ಅದರ ಪಕ್ಕದಿಂದ ಒಬ್ಬ ಹುಡುಗಿ ಕೈ ನೀಡಿ ಚೀಟಿ ಕೊಟ್ಟಳು: ಭೀಮಬಾಯಿ, ಉಸಿರು ನೂರಾ ಹತ್ತು. ಅವಳ ತಾಯಿ. ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

ಮೈನುದ್ದೀನನ ಬೆರಳು ತಡೆಯಿತು. ಮಾಣಿಕರಾವ್ ಬಾಗಿಲಲ್ಲೇ ನಿಂತಿದ್ದ. "ಸತ್ತವರನ್ನೂ ಬರೆಸ್ತೀರೇನು?" ಎಂದ.

"ಗುರುವಾರ ಆಕಿ ಇದ್ಲು," ಎಂದಳು ಕಸ್ತೂರಿಬಾಯಿ. "ನನ್ನ ಹಿಂದ ನಾಕನೇದಾಕಿ. ಊದ್ಲಾಕ ಬರ್ಲಿಲ್ಲ, ಮೂರು ಸಲ ಊದಿದ್ಲು. ಧ್ಯಾಸ ಇಲ್ಲೇನು ಚಾಚಾ?"

"ಅದ," ಎಂದ ಮೈನುದ್ದೀನ್. ಹೆಸರು ಒತ್ತಿದ, ಅಳತೆ ಒತ್ತಿದ. ಯಂತ್ರ ಎರಡು ಕ್ಷಣ ತಡೆದು ಬರೆದುಕೊಂಡಿತು: ಭೀಮಬಾಯಿ, ಒಂದು ದಿನ.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ.

"ಮುಂದಿನೋರು ಬರ್ರಿ," ಎಂದ.